ಮರಳಿ ಬರುವ ರೋಗಗಳೂ ವೈದ್ಯ ವಿದ್ಯಾರ್ಥಿಯ ಅರಿವೂ

ಸಾಲ, ಬೆಂಕಿ, ರೋಗ – ಈ ಮೂರರ ಶೇಷವನ್ನು ಉಳಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ತೀರಿತೆಂದು ಮರೆತ ಸಾಲವು ಬಡ್ಡಿಯೊಡನೆ ಬಾಗಿಲಿಗೆ ಬರುತ್ತದೆ. ಆರಿತೆಂದು ಬಿಟ್ಟ ಕಿಡಿಯು ಗಾಳಿ ಬೀಸಿದಾಗ ಬಣವೆಯನ್ನೇ ಸುಡುತ್ತದೆ. ರೋಗದ ಮಟ್ಟಿಗೆ ಈ ಮಾತು ಒಬ್ಬ ಮನುಷ್ಯನ ಶರೀರಕ್ಕೆ ಹೇಗೋ ಹಾಗೆ ಒಂದು ಊರಿಗೂ ಒಂದು ದೇಶಕ್ಕೂ ಸಲ್ಲುತ್ತದೆ. ಒಮ್ಮೆ ಜನರನ್ನು ಕಾಡಿ, ಅನಂತರ ಅಡಗಿ, ಇನ್ನು ಇಲ್ಲವೆಂದು ಎಲ್ಲರೂ ನಿಶ್ಚಿಂತರಾದ ಮೇಲೆ ಮತ್ತೆ ತಲೆಯೆತ್ತಿದ ಅಂಟುರೋಗಗಳು ಹಲವು. ಇವುಗಳ ವಿಷಯದಲ್ಲಿ ನಾಳಿನ ವೈದ್ಯರಾಗಲಿರುವ ವಿದ್ಯಾರ್ಥಿಗಳು ಏನನ್ನು ಅರಿತಿರಬೇಕು, ಆ ಅರಿವು ಅವರಿಗೆ ಏಕೆ ಸುಲಭವಾಗಿ ದೊರೆಯುವುದಿಲ್ಲ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ವೈದ್ಯಶಾಸ್ತ್ರದ ಮಾತೇಕೆ ಎಂದು ವಾಚಕರು ಕೇಳಬಹುದು. ಉತ್ತರ ಸರಳವಾಗಿದೆ. ವೈದ್ಯರಾಗುವವರು ಕೆಲವರು, ರೋಗಿಗಳಾಗುವವರು ಎಲ್ಲರೂ. ಅದೂ ಅಲ್ಲದೆ, ರೋಗಗಳು ಮರಳಿ ಬರುವ ಕಥೆಯಲ್ಲಿ ಕ್ರಿಮಿಗಳ ಪಾಲಿನ ಜೊತೆಗೆ ಮನುಷ್ಯರ ಮರೆವಿನ ಪಾಲೂ ಇದೆ. ಮರೆವಿಗೆ ಮದ್ದು ಚರಿತ್ರೆ. ಚರಿತ್ರೆಯಾದರೋ ನಮ್ಮ ಪಾಠಕ್ಕೆ ಸೇರಿದ್ದು.

ಹೊಸ ರೋಗ, ಮರಳಿದ ರೋಗ

ಮೊದಲು ಹೆಸರನ್ನು ಸ್ಪಷ್ಟಪಡಿಸಿಕೊಳ್ಳೋಣ. ಹಿಂದೆ ಮನುಷ್ಯರಲ್ಲಿ ಕಾಣದೆ ಹೊಸದಾಗಿ ಬಂದ ರೋಗಗಳದು ಒಂದು ಬಗೆ. ೧೯೯೮–೯೯ರಲ್ಲಿ ಮಲೇಷ್ಯದಲ್ಲಿ ಕಂಡ ನಿಪಾ, ೨೦೧೯ರ ಕೊನೆಯಲ್ಲಿ ಚೀನಾದ ವುಹಾನಿನಲ್ಲಿ ಕಂಡ ಕೋವಿಡ್ ಈ ಬಗೆಯವು. ಮರಳಿದ ರೋಗಗಳು ಬೇರೆ. ಅವುಗಳ ಕಾರಣ ಗೊತ್ತು, ಹರಡುವ ದಾರಿ ಗೊತ್ತು, ಬಹುಪಾಲಿಗೆ ಮದ್ದೂ ಗೊತ್ತು. ಗೊತ್ತಿದ್ದೂ ಅವು ಮತ್ತೆ ಬರುತ್ತವೆ. ಅದೇ ಅವುಗಳ ವಿಶೇಷ.

ಮರಳಿ ಬರುವುದರಲ್ಲಿಯೂ ಮೂರು ವಿಧಗಳುಂಟು. ಅಡಗಿದ್ದ ರೋಗವು ಅದೇ ನಾಡಿನಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಒಂದು. ಒಂದು ಮೂಲೆಯಲ್ಲಿದ್ದ ರೋಗವು ಹೊಸ ಸೀಮೆಗಳಿಗೆ ಹಬ್ಬುವುದು ಎರಡನೆಯದು. ಹಳೆಯ ಕ್ರಿಮಿಯೇ ಔಷಧಿಗೆ ಜಗ್ಗದ ಹೊಸ ರೂಪದಲ್ಲಿ ಬರುವುದು ಮೂರನೆಯದು. ಕ್ಷಯರೋಗವು ನಮ್ಮ ದೇಶವನ್ನು ಬಿಟ್ಟುಹೋದುದೇ ಇಲ್ಲ. ಆದರೆ ಮುಖ್ಯವಾದ ಎರಡು ಔಷಧಿಗಳಿಗೂ ಬಗ್ಗದ ಕ್ಷಯವು ಈ ಮೂರನೆಯ ವಿಧಕ್ಕೆ ತಕ್ಕ ಉದಾಹರಣೆ. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ೧೯೪೫ರಲ್ಲಿ ನೊಬೆಲ್ ಬಹುಮಾನ ಪಡೆದಾಗ ಮಾಡಿದ ಭಾಷಣದಲ್ಲಿಯೇ, ಸಾಲದಷ್ಟು ಪ್ರಮಾಣದಲ್ಲಿ ಔಷಧಿ ಕೊಟ್ಟರೆ ಕ್ರಿಮಿಗಳು ಅದನ್ನು ಎದುರಿಸಲು ಕಲಿಯುತ್ತವೆಂದು ಎಚ್ಚರಿಸಿದ್ದನು. ಆ ಎಚ್ಚರಿಕೆಯನ್ನು ಲೋಕವು ಕೇಳಿತು, ಪಾಲಿಸಲಿಲ್ಲ.

ಪಾಲಿಸದಿರಲು ಕಾರಣವೂ ಉಂಟು. ಆ ಕಾಲದ ಉತ್ಸಾಹ ಅಂಥದು. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್, ಡಿ.ಡಿ.ಟಿ., ಬಗೆಬಗೆಯ ಲಸಿಕೆಗಳು ಒಂದರ ಹಿಂದೆ ಒಂದು ಬಂದವು. ಸಾವಿರಾರು ವರ್ಷ ಕಾಡಿದ ಸಿಡುಬು ನಮ್ಮ ದೇಶದಲ್ಲಿ ೧೯೭೫ರಲ್ಲಿ ಕೊನೆಗೊಂಡಿತು. ೧೯೮೦ರಲ್ಲಿ ಅದು ಇಡೀ ಭೂಮಂಡಲದಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಒಂದು ರೋಗವನ್ನು ಹೀಗೆ ಗೆದ್ದವರಿಗೆ ಮಿಕ್ಕವೂ ಸೋತಂತೆಯೇ ಎಂಬ ಭಾವನೆ ಬಂದುದು ಸಹಜ. ಆದರೆ ಸಿಡುಬಿಗೆ ಮನುಷ್ಯನಲ್ಲದೆ ಬೇರೆ ಆಸರೆಯಿರಲಿಲ್ಲ. ಇಲಿಯಲ್ಲಿ, ಕಾಡಿನ ಉಣ್ಣಿಯಲ್ಲಿ, ಸೊಳ್ಳೆಯಲ್ಲಿ ಅಡಗಿ ಕೂರಬಲ್ಲ ರೋಗಗಳನ್ನು ಹಾಗೆ ಬುಡಸಮೇತ ಕೀಳುವುದು ಸುಲಭವಲ್ಲ. ೧೯೯೭ರ ವಿಶ್ವ ಆರೋಗ್ಯ ದಿನವನ್ನು ಹೊಸದಾಗಿ ತಲೆಯೆತ್ತುವ ಅಂಟುರೋಗಗಳ ವಿಷಯಕ್ಕೇ ಮೀಸಲಿಡಬೇಕಾಗಿ ಬಂದಿತೆಂದರೆ ಉತ್ಸಾಹವು ಎಷ್ಟು ಇಳಿದಿತ್ತೆಂಬುದು ತಿಳಿಯುತ್ತದೆ.

ಇಲ್ಲಿಯೇ ವೈದ್ಯ ವಿದ್ಯಾರ್ಥಿಯ ತೊಡಕೂ ಇದೆ. ರೋಗವನ್ನು ತಡೆಯುವ ಕೆಲಸವು ಎಷ್ಟು ಚೆನ್ನಾಗಿ ನಡೆಯುತ್ತದೆಯೋ ವಿದ್ಯಾರ್ಥಿಯು ಆ ರೋಗವನ್ನು ಅಷ್ಟು ಕಡಮೆ ನೋಡುತ್ತಾನೆ. ನೋಡದ ರೋಗವು ಪುಸ್ತಕದ ಒಂದು ಪುಟವಾಗಿ ಉಳಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ಪುಟವೂ ಮರೆಯುತ್ತದೆ. ಹೀಗೆ ಗೆಲುವೇ ಅಜ್ಞಾನಕ್ಕೆ ದಾರಿಯಾಗುತ್ತದೆ. ಮರಳಿ ಬಂದ ರೋಗವು ಮೊದಲು ಎದುರಾಗುವುದು ಅದನ್ನು ಎಂದೂ ಕಾಣದ ತರುಣ ವೈದ್ಯನಿಗೆ. ಅವನು ಗುರುತಿಸಿದರೆ ಒಂದಿಬ್ಬರಲ್ಲಿ ನಿಲ್ಲಬಹುದಾದ ರೋಗವು, ಗುರುತಿಸದೆ ಹೋದರೆ ಊರನ್ನು ಹಿಡಿಯುತ್ತದೆ. ಕೆಲವು ನಿದರ್ಶನಗಳಿಂದ ಇದನ್ನು ಪರಿಶೀಲಿಸೋಣ.

ಪ್ಲೇಗು ಕಲಿಸಿದ ಪಾಠ

೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡು ವರ್ಷಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಮುಂದಿನ ದಶಕಗಳಲ್ಲಿ ಭಾರತದಲ್ಲಿ ಅದಕ್ಕೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು. ಬೆಂಗಳೂರಿನ ಇಕ್ಕಟ್ಟಾದ ಪೇಟೆಯಿಂದ ಜನರು ಹೊರಬಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ನೆಲೆಸುವುದಕ್ಕೆ ಈ ರೋಗವೇ ಮುಖ್ಯ ಪ್ರೇರಣೆಯಾಯಿತು. ಅಲ್ಲಲ್ಲಿ ಪ್ಲೇಗಿನಮ್ಮನ ಗುಡಿಗಳೂ ಎದ್ದವು.

ಆ ಕಾಲದ ಹಳ್ಳಿಯ ಜನರಿಗೆ ಓದುಬರಹ ಬಾರದಿದ್ದರೂ ಪ್ಲೇಗಿನ ಒಂದು ಗುರುತು ಮಾತ್ರ ಚೆನ್ನಾಗಿ ಗೊತ್ತಿತ್ತು. ಸೂರಿನಿಂದ ಇಲಿ ಸತ್ತು ಬಿದ್ದರೆ ಮನೆಯನ್ನು ಬಿಡಬೇಕು. ಹಲವು ಮನೆಗಳಲ್ಲಿ ಇಲಿ ಬಿದ್ದರೆ ಊರನ್ನೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ‘ಇಲಿ ಬಿತ್ತು’ ಎಂಬ ಮಾತಿಗೆ ಇದ್ದ ಅರ್ಥ ಇದು. ಸತ್ತ ಇಲಿಯನ್ನು ಬಿಟ್ಟ ಚಿಗಟವು ಮನುಷ್ಯನನ್ನು ಕಚ್ಚುತ್ತದೆಂಬ ಕಾರಣವನ್ನು ವಿಜ್ಞಾನವು ಮುಂದೆ ವಿವರಿಸಿತು. ಗುರುತನ್ನು ಜನರು ಆಗಲೇ ಹಿಡಿದಿದ್ದರು.

ಸ್ವಾತಂತ್ರ್ಯ ಬಂದ ಬಳಿಕ ಪ್ಲೇಗು ಕುಗ್ಗುತ್ತ ಬಂದಿತು. ಪ್ರಯೋಗಾಲಯದಲ್ಲಿ ಖಚಿತವಾದ ಕೊನೆಯ ಪ್ರಕರಣವು ೧೯೬೬ರಲ್ಲಿ ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲಿನಿಂದಲೇ ವರದಿಯಾಯಿತು. ಆಮೇಲೆ ಇಪ್ಪತ್ತೆಂಟು ವರ್ಷ ದೇಶದಲ್ಲಿ ಪ್ಲೇಗಿನ ಸುದ್ದಿ ಇರಲಿಲ್ಲ. ಒಬ್ಬ ವೈದ್ಯನು ಓದು ಮುಗಿಸಿ, ವೃತ್ತಿಯಲ್ಲಿ ತಲೆ ನರೆಯುವಷ್ಟು ದೀರ್ಘವಾದ ಕಾಲ ಅದು.

೧೯೯೪ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಹಳ್ಳಿಗಳಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಚಿಗಟಗಳ ಕಾಟ ಹೆಚ್ಚಿತು. ಅನಂತರ ಜನರಲ್ಲಿ ಜ್ವರವೂ ಗೆಡ್ಡೆಯೂ ಕಾಣಿಸಿದವು. ಸೆಪ್ಟೆಂಬರಿನಲ್ಲಿ ಗುಜರಾತಿನ ಸೂರತ್ ನಗರದಲ್ಲಿ ಶ್ವಾಸಕೋಶದ ಪ್ಲೇಗು ತಲೆದೋರಿತು. ಸತ್ತವರ ಸಂಖ್ಯೆ ಐವತ್ತರ ಆಸುಪಾಸು. ಆದರೆ ಹೆದರಿ ಊರು ಬಿಟ್ಟವರು ಲಕ್ಷಾಂತರ. ಔಷಧಿ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಗುಳಿಗೆಗಳು ಮುಗಿದುಹೋದವು. ಕೆಲವು ದೇಶಗಳು ಭಾರತದ ವಿಮಾನಗಳನ್ನೂ ಸರಕನ್ನೂ ತಡೆದವು. ಇದು ಪ್ಲೇಗು ಹೌದೋ ಅಲ್ಲವೋ ಎಂಬ ವಾದವು ಬಲ್ಲವರಲ್ಲಿಯೇ ಬಹುಕಾಲ ನಡೆಯಿತು. ಒಂದು ಕೋಟಿ ಜನರನ್ನು ಕಳೆದುಕೊಂಡ ದೇಶವೇ ಒಂದು ತಲೆಮಾರಿನಲ್ಲಿ ತನ್ನ ಹಳೆಯ ಶತ್ರುವಿನ ಮುಖವನ್ನು ಮರೆತಿತ್ತು. ಪ್ಲೇಗು ಅಸಾಧ್ಯವಾದ ರೋಗವಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಬೇಗ ಗುರುತಿಸಿದರೆ ಸಾಮಾನ್ಯ ಬೆಲೆಯ ಔಷಧಿಗಳಿಂದಲೇ ವಾಸಿಯಾಗುತ್ತದೆ. ತಡವಾದರೆ, ಅದರಲ್ಲಿಯೂ ಶ್ವಾಸಕೋಶಕ್ಕೆ ಹತ್ತಿದ್ದರೆ, ಬದುಕುವವರು ವಿರಳ.

೨೦೦೨ರ ಫೆಬ್ರುವರಿಯಲ್ಲಿ ಹಿಮಾಚಲ ಪ್ರದೇಶದ ಶಿಮ್ಲಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅದೇ ಶ್ವಾಸಕೋಶದ ಪ್ಲೇಗು ಮತ್ತೆ ಕಾಣಿಸಿತು. ಹದಿನಾರು ಮಂದಿಗೆ ರೋಗ ತಗಲಿ ನಾಲ್ವರು ತೀರಿಕೊಂಡರು, ಅಷ್ಟಕ್ಕೇ ನಿಂತಿತು. ಶಂಕೆ ಬೇಗ ಹುಟ್ಟಿತು, ರೋಗಿಗಳನ್ನು ಬೇರೆ ಇರಿಸಲಾಯಿತು, ಅವರೊಡನೆ ಒಡನಾಡಿದವರಿಗೆಲ್ಲ ಮುಂಜಾಗ್ರತೆಯ ಔಷಧಿ ಕೊಡಲಾಯಿತು. ಸೂರತ್ತಿನ ನೆನಪು ಎಂಟೇ ವರ್ಷ ಹಳೆಯದಾಗಿದ್ದುದು ಇಲ್ಲಿ ನೆರವಿಗೆ ಬಂದಿತೆಂದು ಹೇಳಿದರೆ ತಪ್ಪಾಗಲಾರದು.

ಸೊಳ್ಳೆಯ ಎರಡು ಕಥೆಗಳು

ಸ್ವಾತಂತ್ರ್ಯ ಬಂದ ವರ್ಷದಲ್ಲಿ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತೆಂದೂ ಎಂಟು ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜು. ೧೯೫೩ರಲ್ಲಿ ಹತೋಟಿಯ ಕಾರ್ಯಕ್ರಮವೂ ೧೯೫೮ರಲ್ಲಿ ನಿರ್ಮೂಲನದ ಕಾರ್ಯಕ್ರಮವೂ ಆರಂಭವಾದವು. ಮನೆಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿದರು. ೧೯೬೫ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಇಂಥ ಯಶಸ್ಸು ಹಿಂದೆ ಕಂಡಿರಲಿಲ್ಲ. ಹತ್ತೇ ವರ್ಷಗಳಲ್ಲಿ ಕಥೆ ತಿರುಗಿತು: ೧೯೭೬ರಲ್ಲಿ ರೋಗಿಗಳು ಅರುವತ್ತನಾಲ್ಕು ಲಕ್ಷಕ್ಕೂ ಹೆಚ್ಚು. ನೆರೆಯ ಸಿಂಹಳದಲ್ಲಿ ೧೯೬೩ರಲ್ಲಿ ಕೇವಲ ಹದಿನೇಳು ಮಂದಿಗಿದ್ದ ಮಲೇರಿಯಾ ೧೯೬೯ರಲ್ಲಿ ಐದು ಲಕ್ಷವನ್ನು ದಾಟಿತು. ಸೊಳ್ಳೆಗಳು ಡಿ.ಡಿ.ಟಿ.ಗೆ ಒಗ್ಗಿದುದು ಒಂದು ಕಾರಣ. ಗೆದ್ದೆವೆಂದು ಹಣವನ್ನೂ ಕಾವಲನ್ನೂ ಸಡಿಲಿಸಿದುದು ಮತ್ತೊಂದು. ಈ ಕಾರ್ಯಕ್ರಮವು ಮಲೇರಿಯಾವನ್ನು ನಿರ್ಮೂಲ ಮಾಡಲಿಲ್ಲ, ಮಲೇರಿಯಾ ಬಲ್ಲ ತಜ್ಞರನ್ನು ನಿರ್ಮೂಲ ಮಾಡಿತು ಎಂಬ ವ್ಯಂಗ್ಯದ ಮಾತು ವೈದ್ಯರಲ್ಲಿ ಪ್ರಚಾರದಲ್ಲಿದೆ. ನಗೆಮಾತಾದರೂ ಅದರಲ್ಲಿ ಸತ್ಯವಿದೆ. ಇನ್ನು ಬಾರದ ರೋಗವನ್ನು ಓದಲು ತರುಣರು ಏಕೆ ಮುಂದಾಗುತ್ತಾರೆ? ಸಿಂಹಳವು ಪಾಠವನ್ನು ಕಲಿತು ಪಟ್ಟು ಬಿಡದೆ ದುಡಿದು ೨೦೧೬ರಲ್ಲಿ ಮಲೇರಿಯಾ ಮುಕ್ತ ದೇಶವೆಂಬ ಮನ್ನಣೆಯನ್ನು ಪಡೆಯಿತೆಂಬುದನ್ನೂ ಹೇಳಬೇಕು.

ಎರಡನೆಯ ಕಥೆ ನಮ್ಮ ಮನೆಗಳದೇ. ಚಿಕುನ್‌ಗುನ್ಯವನ್ನು ಮೊದಲು ಗುರುತಿಸಿದುದು ೧೯೫೨–೫೩ರಲ್ಲಿ, ಆಫ್ರಿಕದ ಟಾಂಗನಿಕದಲ್ಲಿ. ಕೀಲುನೋವಿನಿಂದ ರೋಗಿಯು ಬಗ್ಗಿ ನಡೆಯುವುದನ್ನು ಸೂಚಿಸುವ ಮಾಕೊಂಡೆ ಭಾಷೆಯ ಮಾತು ಅದು. ೧೯೬೩ರಲ್ಲಿ ಕಲ್ಕತ್ತೆಗೂ, ಮರುವರ್ಷ ಮದರಾಸಿಗೂ ಬಂದ ಈ ಜ್ವರವು ೧೯೭೩ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಂಡು ಮರೆಯಾಯಿತು. ಮುಂದೆ ಮೂವತ್ತೆರಡು ವರ್ಷ ದೇಶದಲ್ಲಿ ಅದರ ಹಾವಳಿ ಕೇಳಿಬರಲಿಲ್ಲ. ೨೦೦೫ರ ಕೊನೆಯಲ್ಲಿ ಮತ್ತೆ ತಲೆಯೆತ್ತಿ, ೨೦೦೬ರಲ್ಲಿ ದೇಶದಲ್ಲಿ ಶಂಕಿತ ರೋಗಿಗಳ ಸಂಖ್ಯೆ ಹದಿನಾಲ್ಕು ಲಕ್ಷದ ಹತ್ತಿರಕ್ಕೆ ಬಂದಿತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕರ್ನಾಟಕದವರು. ಕೈಕಾಲಿನ ಕೀಲುಗಳು ಹಿಡಿದು ತಿಂಗಳುಗಟ್ಟಲೆ ಕೂಲಿಗೆ ಹೋಗಲಾರದೆ ಕುಳಿತ ಕುಟುಂಬಗಳು ಎಷ್ಟೋ. ಆ ವರ್ಷ ಸೇವೆಯಲ್ಲಿದ್ದ ವೈದ್ಯರಲ್ಲಿ ಈ ಜ್ವರವನ್ನು ಹಿಂದೆ ಕಂಡಿದ್ದವರು ಬಹು ವಿರಳವಾಗಿದ್ದಿರಬೇಕು. ಅದನ್ನು ಹರಡುವ ಸೊಳ್ಳೆಯಾದರೋ ಹಗಲಿನಲ್ಲಿ ಕಚ್ಚುವಂಥದು. ಮನೆಯ ತೊಟ್ಟಿಯ ತಿಳಿನೀರಿನಲ್ಲಿಯೇ ಬೆಳೆಯುವಂಥದು. ಅದು ಎಲ್ಲಿಗೂ ಹೋಗಿರಲಿಲ್ಲ.

ಗಂಟಲಮಾರಿ

ಗಂಟಲಮಾರಿ ಎಂದು ಹಿಂದಿನವರು ಅಂಜುತ್ತಿದ್ದ ಡಿಫ್ತೀರಿಯ ರೋಗವು ಮಕ್ಕಳ ಗಂಟಲಿನಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಉಸಿರನ್ನು ನಿಲ್ಲಿಸುತ್ತದೆ. ಅದರ ಕ್ರಿಮಿಯು ಹೊರಸೂಸುವ ವಿಷವು ಹೃದಯವನ್ನೂ ನರಗಳನ್ನೂ ಕೆಡಿಸುತ್ತದೆ. ಲಸಿಕೆಯಿಂದ ಈ ರೋಗವು ಎಷ್ಟೋ ದೇಶಗಳಲ್ಲಿ ಹೆಸರಿಗೆ ಮಾತ್ರ ಉಳಿಯಿತು. ಆದರೆ ೧೯೯೦ರ ದಶಕದಲ್ಲಿ ಸೋವಿಯತ್ ಒಕ್ಕೂಟವು ಒಡೆದು, ಲಸಿಕೆಯ ಏರ್ಪಾಡು ಸಡಿಲಗೊಂಡಾಗ, ಅಲ್ಲಿನ ನಾಡುಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಅದು ಬಂದು ಐದು ಸಾವಿರ ಜನರು ಸತ್ತರು. ಅವರಲ್ಲಿ ದೊಡ್ಡವರೂ ಅನೇಕರು. ಬಾಲ್ಯದ ಲಸಿಕೆಯ ಬಲವು ವಯಸ್ಸಾದಂತೆ ಕುಂದುತ್ತದೆಂಬುದು ಅದರಿಂದ ಸ್ಪಷ್ಟವಾಯಿತು.

೨೦೧೫ರಲ್ಲಿ ಸ್ಪೇನ್ ದೇಶದ ಓಲೊಟ್ ಎಂಬ ಊರಿನಲ್ಲಿ ಲಸಿಕೆ ಹಾಕಿಸದ ಆರು ವರ್ಷದ ಹುಡುಗನಿಗೆ ಗಂಟಲಮಾರಿ ಬಂದಿತು. ಸುಮಾರು ಮೂವತ್ತು ವರ್ಷಗಳಿಂದ ಆ ದೇಶದಲ್ಲಿ ಅದು ಕಂಡಿರಲಿಲ್ಲ. ವಿಷವನ್ನು ಮುರಿಯುವ ಪ್ರತಿವಿಷವು ದೇಶದಲ್ಲಿಯೇ ಇರಲಿಲ್ಲ, ರಷ್ಯದಿಂದ ತರಿಸಬೇಕಾಯಿತು. ಹುಡುಗನು ಜೂನ್ ತಿಂಗಳಲ್ಲಿ ತೀರಿಕೊಂಡನು. ಅವನೊಡನೆ ಆಡುತ್ತಿದ್ದ ಕೆಲವು ಮಕ್ಕಳ ಗಂಟಲಿನಲ್ಲಿಯೂ ಅದೇ ಕ್ರಿಮಿಯಿದ್ದಿತು. ಲಸಿಕೆ ಹಾಕಿಸಿದ್ದುದರಿಂದ ಅವರು ಕಾಯಿಲೆ ಬೀಳಲಿಲ್ಲ. ಸಂಪನ್ನವಾದ ದೇಶ, ಒಳ್ಳೆಯ ಆಸ್ಪತ್ರೆ, ಕುಶಲ ವೈದ್ಯರು – ಎಲ್ಲ ಇದ್ದೂ ನೂರಿಪ್ಪತ್ತೈದು ವರ್ಷ ಹಳೆಯದಾದ ಒಂದು ಮದ್ದು ಕೈಗೆಟಕದೆ ಹೋಯಿತು. ಪ್ರತಿವಿಷವು ರಕ್ತದಲ್ಲಿ ತಿರುಗಾಡುವ ವಿಷವನ್ನು ಮುರಿಯಬಲ್ಲದೇ ಹೊರತು, ಅಂಗಗಳಲ್ಲಿ ನಾಟಿದ ವಿಷವನ್ನಲ್ಲ. ಆದಕಾರಣ ಪ್ರಯೋಗಾಲಯದ ಉತ್ತರಕ್ಕೆ ಕಾಯದೆ, ಬಲವಾದ ಶಂಕೆ ಹುಟ್ಟಿದೊಡನೆಯೇ ಅದನ್ನು ಕೊಡಬೇಕೆಂಬುದು ನಿಯಮ. ಪೊರೆಯನ್ನು ಕಂಡು ಗುರುತಿಸುವ ಕಣ್ಣಿಲ್ಲದವನಿಗೆ ಆ ಶಂಕೆ ಹೇಗೆ ಹುಟ್ಟೀತು?

ಈ ರೋಗವು ನಮ್ಮಿಂದ ದೂರದ್ದೇನೂ ಅಲ್ಲ. ನಮ್ಮ ದೇಶದಲ್ಲಿ ಅದು ಪೂರ್ತಿಯಾಗಿ ನಿಂತಿಲ್ಲ. ಮಗುವಿಗೆ ಆರು, ಹತ್ತು, ಹದಿನಾಲ್ಕನೆಯ ವಾರಗಳ ಲಸಿಕೆಯನ್ನು ಹಾಕಿಸಿದ ತಾಯಿತಂದೆಗಳು ಒಂದೂವರೆ ವರ್ಷದ್ದನ್ನೂ ಐದು ವರ್ಷದ್ದನ್ನೂ ಮರೆಯುವುದುಂಟು. ಹತ್ತು ಮತ್ತು ಹದಿನಾರನೆಯ ವಯಸ್ಸಿನ ಚುಚ್ಚುಮದ್ದನ್ನಂತೂ ಕೇಳುವವರೇ ಕಡಮೆ.

ಕಾಡಿನ ಅಂಚಿನಲ್ಲಿ

೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರಲ್ಲಿ ಕಠಿನವಾದ ಜ್ವರ ಕಾಣಿಸಿತು. ಪುಣೆಯ ವಿಷಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೊದಲು ಹಳದಿ ಜ್ವರವೇ ಭಾರತಕ್ಕೆ ಬಂದಿತೋ ಎಂದು ಶಂಕಿಸಿದರು. ಪರೀಕ್ಷಿಸಿದಾಗ ಅದು ಉಣ್ಣಿಯಿಂದ ಹರಡುವ ಬೇರೊಂದು ವಿಷಾಣುವೆಂದು ತಿಳಿಯಿತು. ಹೀಗೆ ನಮ್ಮ ಮಲೆನಾಡಿನ ಒಂದು ಹಳ್ಳಿಯ ಹೆಸರು ಲೋಕದ ವೈದ್ಯಗ್ರಂಥಗಳನ್ನು ಸೇರಿತು. ಜನರು ಕರೆಯುವುದು ಮಂಗನ ಕಾಯಿಲೆಯೆಂದು.

ಬಹುಕಾಲ ಇದು ಮಲೆನಾಡು ಮತ್ತು ಕರಾವಳಿಯ ಐದು ಜಿಲ್ಲೆಗಳ ರೋಗವೆಂದೇ ಪಾಠಗಳಲ್ಲಿ ಬರೆಯುತ್ತಿದ್ದರು. ೨೦೧೨ರಿಂದ ಈಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ – ಹೀಗೆ ಘಟ್ಟದುದ್ದಕ್ಕೂ ಅದು ಕಂಡುಬಂದಿದೆ. ಅದಕ್ಕೆಂದೇ ಇರುವ ಮದ್ದಿಲ್ಲ. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡು ೨೦೨೨ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೀಗಿರುವಾಗ ಉಳಿದ ರಕ್ಷಣೆಯೆಂದರೆ ಗುರುತೇ: ಕಾಡಿನಲ್ಲಿ ಮಂಗ ಸತ್ತರೆ ತಿಳಿಸುವುದು, ಅಲ್ಲಿಗೆ ಸೌದೆಗೂ ತರಗೆಲೆಗೂ ಹೋಗದಿರುವುದು, ಹೋಗಲೇಬೇಕಾದರೆ ಮೈಗೆ ಉಣ್ಣಿ ಹತ್ತದಂತೆ ಎಣ್ಣೆ ಸವರಿಕೊಳ್ಳುವುದು. ಅಜ್ಜಿಯರಿಗೆ ಬಿದ್ದ ಇಲಿ ಹೇಗೋ ಮಲೆನಾಡಿಗರಿಗೆ ಬಿದ್ದ ಮಂಗ ಹಾಗೆ.

ಕಾಡಂಚಿನ ಮತ್ತೊಂದು ರೋಗವು ಸ್ಕ್ರಬ್ ಟೈಫಸ್. ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಮು, ಬರ್ಮಾಗಳಲ್ಲಿ ಸೈನಿಕರನ್ನು ಕಾಡಿದ ಜ್ವರವಿದು. ಯುದ್ಧ ಮುಗಿದ ಮೇಲೆ ಅದನ್ನು ನಾವು ಮರೆತೆವು. ಈ ಶತಮಾನದಲ್ಲಿ ಹಿಮಾಲಯದ ತಪ್ಪಲಿನಿಂದ ತಮಿಳುನಾಡಿನವರೆಗೆ ಮತ್ತೆ ಕಂಡುಬಂದಿದೆ. ಗೋರಖಪುರದ ಸುತ್ತಲಿನ ಮಕ್ಕಳನ್ನು ವರ್ಷವರ್ಷವೂ ಬಲಿತೆಗೆದುಕೊಳ್ಳುತ್ತಿದ್ದ ಮಿದುಳು ಜ್ವರದಲ್ಲಿ ದೊಡ್ಡ ಪಾಲಿಗೆ ಇದೇ ಕಾರಣವೆಂದು ಸಂಶೋಧನೆಗಳು ತೋರಿಸಿದವು. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ನುಸಿಯ ಮರಿ ಕಚ್ಚಿದ ಜಾಗದಲ್ಲಿ, ಬೀಡಿಯಿಂದ ಸುಟ್ಟಂತೆ ಒಂದು ಕಪ್ಪು ಹಕ್ಕಳೆ ಹಲವು ರೋಗಿಗಳಲ್ಲಿ ಕಟ್ಟುತ್ತದೆ. ನೋವಿಲ್ಲದ ಕಾರಣ ರೋಗಿಯು ಹೇಳುವುದಿಲ್ಲ. ಕಂಕುಳಲ್ಲಿಯೋ ಸೊಂಟದಲ್ಲಿಯೋ ತೊಡೆಯ ಸಂದಿಯಲ್ಲಿಯೋ ಇರುವುದರಿಂದ ಹುಡುಕದ ವೈದ್ಯನಿಗೆ ಕಾಣುವುದಿಲ್ಲ. ಕಂಡರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಗುಳಿಗೆಯಿಂದ ರೋಗಿಯು ಬಹುಬೇಗ ಚೇತರಿಸಿಕೊಳ್ಳುತ್ತಾನೆ, ಕಾಣದಿದ್ದರೆ ಸಾಯಲೂಬಹುದು.

ವಿದ್ಯಾರ್ಥಿಯು ಅರಿಯಬೇಕಾದುದು

ಮೇಲಿನ ನಿದರ್ಶನಗಳಿಂದ ವೈದ್ಯ ವಿದ್ಯಾರ್ಥಿಯ ಅರಿವು ಹೇಗಿರಬೇಕೆಂಬುದನ್ನು ಐದು ಅಂಶಗಳಲ್ಲಿ ಸಂಗ್ರಹಿಸಬಹುದು.

ಒಂದು, ಕೇಳುವುದು. ರೋಗಿಯ ಊರು ಯಾವುದು, ಕಸಬು ಏನು, ಈಚೆಗೆ ಎಲ್ಲಿಗೆ ಹೋಗಿದ್ದನು, ಸುತ್ತಮುತ್ತ ಇಲಿ, ಮಂಗ, ದನಕರು ಸತ್ತಿವೆಯೆ, ಯಾವ ಲಸಿಕೆಗಳಾಗಿವೆ – ಈ ಐದಾರು ಪ್ರಶ್ನೆಗಳಿಗೆ ಯಾವ ಯಂತ್ರವೂ ಬೇಕಿಲ್ಲ.

ಎರಡು, ನೋಡುವುದು. ಗಂಟಲಿನ ಪೊರೆ, ತೊಡೆಸಂದಿನ ಗೆಡ್ಡೆ, ಮೈಯ ಹಕ್ಕಳೆ ಇವು ಕಣ್ಣಿಗೆ ಕಾಣುವ ಗುರುತುಗಳು. ರೋಗಿಗಳು ಸಿಗದ ಕಾಲೇಜಿನಲ್ಲಿ ಚಿತ್ರಗಳಿಂದ, ಹಳೆಯ ರೋಗಿಗಳ ದಾಖಲೆಗಳಿಂದ, ಆ ರೋಗಗಳನ್ನು ಕಂಡ ಹಿರಿಯ ವೈದ್ಯರ ಮಾತಿನಿಂದ ಇವನ್ನು ಕಲಿಸಬೇಕು.

ಮೂರು, ತಡಮಾಡದಿರುವುದು. ಯಾವ ಮದ್ದು, ಎಷ್ಟು, ಅದು ಜಿಲ್ಲೆಯಲ್ಲಿ ಎಲ್ಲಿ ದೊರೆಯುತ್ತದೆ ಎಂಬುದು ರೋಗಿ ಬರುವ ಮೊದಲೇ ಗೊತ್ತಿರಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿ ಪ್ರಯೋಜನವಿಲ್ಲ.

ನಾಲ್ಕು, ತಿಳಿಸುವುದು. ೨೦೦೪ರಲ್ಲಿ ದೇಶದಲ್ಲಿ ಆರಂಭವಾದ ರೋಗ ಕಣ್ಗಾವಲಿನ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಲಕ್ಷಣಗಳನ್ನೂ, ವೈದ್ಯರು ತಮ್ಮ ಶಂಕೆಯನ್ನೂ, ಪ್ರಯೋಗಾಲಯಗಳು ಖಚಿತವಾದುದನ್ನೂ ವರದಿ ಮಾಡುವ ಏರ್ಪಾಡಿದೆ. ಆದರೆ ಎಷ್ಟು ಒಳ್ಳೆಯ ಏರ್ಪಾಡಾದರೂ ಶಂಕೆಯೇ ಹುಟ್ಟದ ವೈದ್ಯನಿಂದ ಅದಕ್ಕೆ ವರದಿ ಬಾರದು.

ಐದು, ಸಂಯಮ. ನೆಗಡಿಗೂ ಬಲವಾದ ಪ್ರತಿಜೀವಕ ಬರೆಯುವ ಕೈಯಿಂದಲೇ ಔಷಧಿಗೆ ಜಗ್ಗದ ಕ್ರಿಮಿಗಳು ಹುಟ್ಟುತ್ತವೆ. ವಿದ್ಯಾರ್ಥಿಯು ತಾನೂ ಲಸಿಕೆಗಳನ್ನು ಹಾಕಿಸಿಕೊಂಡಿರಬೇಕು. ರೋಗವನ್ನು ಹಾಸಿಗೆಯಿಂದ ಹಾಸಿಗೆಗೆ ಒಯ್ಯುವವನು ತಾನೇ ಆಗಬಾರದು.

ಇದಕ್ಕೊಂದು ಆಕ್ಷೇಪವಿದೆ. ವರ್ಷಕ್ಕೊಮ್ಮೆಯೂ ಕಾಣದ ರೋಗಗಳಿಗೆ ಹೊತ್ತು ಕೊಟ್ಟರೆ ದಿನನಿತ್ಯದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಓದುವುದು ಯಾವಾಗ? ಬಂದ ಜ್ವರವೆಲ್ಲ ಪ್ಲೇಗೆಂದು ಹೌಹಾರುವ ವೈದ್ಯನಿಂದ ಏನು ಲಾಭ? ಆಕ್ಷೇಪವು ನ್ಯಾಯವಾದುದೇ. ಆದರೆ ಇಲ್ಲಿ ಕೇಳುತ್ತಿರುವುದು ಅಪರೂಪದ ರೋಗಗಳ ಪಾಂಡಿತ್ಯವನ್ನಲ್ಲ. ಸಾಮಾನ್ಯವಾದುದನ್ನು ಮೊದಲು ಎಣಿಸಿ, ಲೆಕ್ಕಕ್ಕೆ ಹೊಂದದ ಒಂದು ಅಂಶವು ಕಂಡಾಗ ‘ಇದು ಆ ಹಳೆಯದಾಗಿರಬಹುದೆ?’ ಎಂದು ಒಮ್ಮೆ ತಡೆದು ಕೇಳಿಕೊಳ್ಳುವ ಅಭ್ಯಾಸವನ್ನು ಮಾತ್ರ. ಅಂಕ ಹೆಚ್ಚು ಬರುವ ಪಾಠವನ್ನು ಹಿಡಿದು ಮಿಕ್ಕುದನ್ನು ಬಿಡುವ ರೂಢಿ ನಮಗೂ ಹೊಸದಲ್ಲ. ಆದುದರಿಂದ ಬರಿಯ ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ; ಪಾಠ ಹೇಳುವವರೂ ಪ್ರಶ್ನೆ ತೆಗೆಯುವವರೂ ಇದಕ್ಕೆ ಸ್ಥಾನ ಕೊಡಬೇಕು. ೨೦೨೦ರಲ್ಲಿ, ಕೋವಿಡ್ಡಿನ ನಡುವೆ, ಭಾರತೀಯ ವೈದ್ಯಕೀಯ ಪರಿಷತ್ತು ಮಹಾಮಾರಿಯ ನಿರ್ವಹಣೆಯನ್ನು ಕುರಿತ ಪಾಠಭಾಗವನ್ನು ವೈದ್ಯ ಪದವಿಯ ಓದಿಗೆ ಸೇರಿಸಿದುದು ಸ್ವಾಗತಾರ್ಹ. ಹೊಸ ರೋಗದ ಅಬ್ಬರದಲ್ಲಿ ಹಳೆಯವುಗಳ ಪಾಠವು ಹಿಂದೆ ಬೀಳದಂತೆ ನೋಡಿಕೊಳ್ಳಬೇಕಾದುದು ಇನ್ನೂ ಉಳಿದಿರುವ ಕೆಲಸ.

ನಮ್ಮ ಪಾಲಿನ ಕೆಲಸ

ಕೊನೆಯದಾಗಿ ನಮ್ಮ ಮಾತು. ಲಸಿಕೆಯ ಚೀಟಿಯನ್ನು ಕಾಪಾಡುವುದು, ಮನೆಯ ತಮ್ಮತಂಗಿಯರಿಗೆ ಹತ್ತು ಮತ್ತು ಹದಿನಾರರ ಚುಚ್ಚುಮದ್ದನ್ನು ನೆನಪಿಸುವುದು, ಅಂಗಡಿಯಿಂದ ಎರಡು ಗುಳಿಗೆ ಕೊಂಡು ನುಂಗಿ ಮೂರನೆಯ ದಿನಕ್ಕೆ ನಿಲ್ಲಿಸದಿರುವುದು, ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಚೆಲ್ಲಿ ತಿಕ್ಕುವುದು – ಇವು ಯಾರೂ ಮಾಡಬಹುದಾದ ಕೆಲಸಗಳು.

ಇನ್ನೊಂದು ಕೆಲಸವು ಕಲಾ ವಿದ್ಯಾರ್ಥಿಗಳಾದ ನಮಗೇ ತಕ್ಕುದು. ನಮ್ಮ ಹಳ್ಳಿಗಳಲ್ಲಿ ಸಿಡುಬಿನ ಕಲೆಯನ್ನು ಮುಖದಲ್ಲಿ ಹೊತ್ತ ಹಿರಿಯರು ಇನ್ನೂ ಇದ್ದಾರೆ. ಇಲಿ ಬಿದ್ದ ವರ್ಷ ಹೊಲದ ಗುಡಿಸಲಿನಲ್ಲಿ ಕಳೆದ ದಿನಗಳನ್ನು ತಾಯಿಯಿಂದ ಕೇಳಿ ತಿಳಿದವರೂ ಇದ್ದಾರೆ. ೨೦೦೬ರ ಕೀಲುನೋವನ್ನು ಅನುಭವಿಸಿದವರಂತೂ ಮನೆಮನೆಯಲ್ಲಿ ಸಿಗುತ್ತಾರೆ. ರೋಗವು ಹೇಗೆ ಬಂದಿತು, ಯಾವ ಗುರುತಿನಿಂದ ತಿಳಿದರು, ಯಾರು ನೋಡಿಕೊಂಡರು, ಏನು ಮಾಡಿದ್ದರಿಂದ ಉಳಿದರು ಎಂಬುದನ್ನು ಕೇಳಿ ಬರೆದಿಟ್ಟರೆ ಅದು ಚರಿತ್ರೆಯೂ ಆಗುತ್ತದೆ, ಮುಂದೆ ವೈದ್ಯರಿಗೆ ನೆರವೂ ಆಗುತ್ತದೆ. ಮುಳಬಾಗಿಲಿನಿಂದ ಸೂರತ್ತಿಗೆ ಇಪ್ಪತ್ತೆಂಟು ವರ್ಷ. ಬಾರ್ಶಿಯಿಂದ ನಮ್ಮ ಮನೆಗಳಿಗೆ ಮೂವತ್ತೆರಡು ವರ್ಷ. ಕಂಡವರು ವೃದ್ಧರಾಗಿ, ಕಾಣದವರು ವೈದ್ಯರಾಗುವಷ್ಟರಲ್ಲಿ ರೋಗಗಳು ಮರಳಿ ಬಂದಿವೆ. ಆ ಅವಧಿಯಲ್ಲಿ ತಿಳಿವಳಿಕೆಯನ್ನು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ದಾಟಿಸುವ ಹೊಣೆಯು ವೈದ್ಯ ಕಾಲೇಜಿನದು ಎಷ್ಟೋ ನಮ್ಮದೂ ಅಷ್ಟೇ ಎಂಬುದನ್ನು ಸಹಪಾಠಿ ಮಿತ್ರರು ಮನಗಾಣಬೇಕು.